ಆದಿಲ್ ಶಾಹಿ ಬೀಗತನಗಳು

ವಿಜಯಪುರವನ್ನು ಸುಮಾರು ಇನ್ನೂರು ವರ್ಷ ಆಳಿದ ಆದಿಲ್ ಶಾಹಿಗಳಿಗೆ ಅರಮನೆಯ ಮದುವೆ ಮನೆಯೊಳಗಿನ ಸಂಗತಿಯಾಗಿರಲಿಲ್ಲ. ಅಹಮದ್‌ನಗರ, ಗೋಲ್ಕೊಂಡ, ಕೊನೆಗೆ ದೆಹಲಿ, ಹೀಗೆ ಯಾರೊಂದಿಗೆ ಕಾದಾಟವಿತ್ತೋ ಅವರೊಂದಿಗೇ ಬೀಗತನವೂ ಬೆಳೆಯಿತು.

ಇದಕ್ಕೆ ಸೊಲ್ಲಾಪುರ ಒಳ್ಳೆಯ ಸಾಕ್ಷಿ. 1524ರಲ್ಲಿ ಇಸ್ಮಾಯಿಲ್ ಆದಿಲ್ ಶಾಹ ತನ್ನ ತಂಗಿ ಮರಿಯಮ್‌ಳನ್ನು ಅಹಮದ್‌ನಗರದ ಬುರ್ಹಾನ್ ನಿಜಾಮ್ ಶಾಹನಿಗೆ ಕೊಟ್ಟ. ಸೊಲ್ಲಾಪುರದ ಸೀಮೆಯನ್ನು ಬಳುವಳಿಯಾಗಿ ಕೊಡುವ ಮಾತಾಗಿತ್ತೆಂದು ಗಂಡಿನವರು ಪಟ್ಟುಹಿಡಿದರು. ಅಂಥ ಮಾತು ತಾನು ಕೊಟ್ಟೇ ಇಲ್ಲವೆಂದ ಇಸ್ಮಾಯಿಲ್. ಈ ಬಳುವಳಿಯ ಜಗಳ ನಾಲ್ಕು ದಶಕ ಎರಡೂ ರಾಜ್ಯಗಳ ಸೈನ್ಯವನ್ನು ಸವೆಸಿತು. ಅದು ಬಗೆಹರಿದದ್ದೂ ಮದುವೆಯಿಂದಲೇ. 1564ರಲ್ಲಿ ಹುಸೇನ್ ನಿಜಾಮ್ ಶಾಹನ ಮಗಳು ಚಾಂದ್ ಬೀಬಿ ಮೊದಲನೆಯ ಅಲಿ ಆದಿಲ್ ಶಾಹನ ಕೈಹಿಡಿದಾಗ ಸೊಲ್ಲಾಪುರದ ಕೋಟೆ ಅವಳೊಂದಿಗೆ ಬಂತು. ಅಲಿಯ ತಂಗಿ ಹದಿಯಾ ಸುಲ್ತಾನಾ ಹುಸೇನನ ಮಗ ಮುರ್ತಜಾನಿಗೆ ಹೆಂಡತಿಯಾಗಿ ಹೋದಳು. ಹೀಗೆ ಕೊಟ್ಟು ತಂದು ಬೀಗರಾದವರು ಆ ವರ್ಷದ ಕೊನೆಗೆ ವಿಜಯನಗರದ ವಿರುದ್ಧ ಒಂದಾಗಿ ತಾಳಿಕೋಟೆಯಲ್ಲಿ ಪಾಳೆಯ ಬಿಟ್ಟರು. 1565ರ ಜನವರಿಯಲ್ಲಿ ಕೃಷ್ಣೆಯ ದಕ್ಷಿಣದಲ್ಲಿ ವಿಜಯನಗರ ಸೋತಿತು. ವಿಜಯಪುರದ ಶಹಾಪುರ ದರವಾಜೆಯ ಬಳಿಯ ಚಾಂದ್ ಬಾವಡಿ 1579ರಲ್ಲಿ ಸೊಸೆಯಾಗಿ ಬಂದ ಈ ಚಾಂದ್ ಬೀಬಿಯ ಹೆಸರಿನಲ್ಲಿ ಕಟ್ಟಿಸಿದ್ದು. ಅದರ ಮರುವರ್ಷ ಅಲಿ ಕೊಲೆಯಾದ. ಅವನ ನಂತರ ಪಟ್ಟಕ್ಕೆ ಬಂದ ಬಾಲಕ ಇಬ್ರಾಹಿಮನ ಪರವಾಗಿ ರಾಜ್ಯ ನೋಡಿಕೊಂಡವಳು ಆಕೆ.

ಆ ಇಬ್ರಾಹಿಮನೇ ಮುಂದೆ ಮೊಗಲರಿಗೆ ಮಗಳನ್ನು ಕೊಡಬೇಕಾಯಿತು. ಅಕ್ಬರನ ಮಗ ದಾನಿಯಾಲ್‌ಗೆ ಹೆಣ್ಣು ಕೇಳಿ ಬಂದ ರಾಯಭಾರಿ ಮೀರ್ ಜಮಾಲುದ್ದೀನ್ ಹುಸೇನ್ ವರ್ಷಗಟ್ಟಲೆ ವಿಜಯಪುರದಲ್ಲೇ ಉಳಿದ. ಕೊಡುವುದಿಲ್ಲ ಎನ್ನದೆಯೇ ದಿನ ದೂಡುವುದು ಇಬ್ರಾಹಿಮನ ಜಾಣತನ. ಕೊನೆಗೆ ಅಕ್ಬರ ಅಸದ್ ಬೇಗನನ್ನು ಕಳುಹಿಸಿ ದಿಬ್ಬಣ ಹೊರಡಿಸಿದ. ಇತಿಹಾಸಕಾರ ಫರಿಶ್ತಾನೂ ಮದುಮಗಳ ಪಲ್ಲಕ್ಕಿಯ ಜೊತೆಗಿದ್ದ. 1604ರಲ್ಲಿ ಗೋದಾವರಿಯ ದಂಡೆಯ ಪೈಠಣದ ಬಳಿ ಮದುವೆ ವೈಭವದಿಂದ ನಡೆಯಿತು. ವಿಪರೀತ ಕುಡಿತದ ದಾನಿಯಾಲ್ ವರ್ಷ ತುಂಬುವ ಮೊದಲೇ ತೀರಿಕೊಂಡ. ಅಷ್ಟೆಲ್ಲ ಓಡಾಟದಲ್ಲಿ ಬಾಳಿಕೆ ಬಂದದ್ದು ಬೇರೆಯೇ ಒಂದು ವಸ್ತು: ಅಸದ್ ಬೇಗ್ ವಿಜಯಪುರದಲ್ಲಿ ಕಂಡ ತಂಬಾಕನ್ನು ಅಕ್ಬರನಿಗೆ ಒಯ್ದು ಕೊಟ್ಟ. ವೈದ್ಯರು ಬೇಡವೆಂದರೂ ಅದು ಆಗ್ರಾದ ಅಮೀರರಿಗೆ ರೂಢಿಯಾಯಿತು.

ಗೋಲ್ಕೊಂಡದ ಸಂಬಂಧ ಹೆಚ್ಚು ಫಲ ಕೊಟ್ಟಿತೆನ್ನಬೇಕು. ಮೊಹಮ್ಮದ್ ಆದಿಲ್ ಶಾಹನನ್ನು ಮದುವೆಯಾದ ಕುತುಬ್ ಶಾಹಿ ರಾಜಕುಮಾರಿ ಖದೀಜಾ ಸುಲ್ತಾನಾಳ ಪರಿವಾರದಲ್ಲಿ ಬಂದ ಗುಲಾಮ ಮಲಿಕ್ ಖುಶ್ನೂದ್ ಇಲ್ಲಿ ದಖನಿ ಕವಿಯಾಗಿ, ರಾಯಭಾರಿಯಾಗಿ ಬೆಳೆದ. ಕವಿ ರುಸ್ತಮಿ 1649ರಲ್ಲಿ ಮುಗಿಸಿದ ದಖನಿ ಕಾವ್ಯ ‘ಖಾವರ್‌ನಾಮಾ’ ಬರೆಸಿದವಳು ಈ ರಾಣಿಯೇ.

ಮನೆತನದ ಕೊನೆಯ ದೊಡ್ಡ ಸಂಬಂಧವನ್ನು ಮದುವೆಗಿಂತ ಒತ್ತೆ ಎನ್ನುವುದೇ ಸರಿ. ಸಿಕಂದರ್ ಆದಿಲ್ ಶಾಹ ಇನ್ನೂ ಹುಡುಗ. ಅಧಿಕಾರ ಸಿದ್ದಿ ಮಸೂದನ ಕೈಯಲ್ಲಿತ್ತು. ಸಿಕಂದರನ ಅಕ್ಕ ಶಹರ್ ಬಾನು ಊರಿನ ಜನರ ಬಾಯಲ್ಲಿ ಪಾದಶಾಹ ಬೀಬಿ. ಅವಳನ್ನು ಔರಂಗಜೇಬನ ಮನೆಗೆ ಕೊಡಬೇಕೆಂಬುದು ಮೊಗಲರೊಂದಿಗಿನ ಸಂಧಿಯ ಷರತ್ತು. 1679ರ ಜುಲೈ ಮೊದಲಲ್ಲಿ ಅವಳು ಮೊಗಲ್ ಸೇನಾಪತಿ ದಿಲೇರ್ ಖಾನನ ಪಾಳೆಯಕ್ಕೆ ಹೊರಟಾಗ ಊರೇ ಅತ್ತಿತೆನ್ನುತ್ತಾರೆ. ಅವಳನ್ನು ಪಡೆದ ಮೇಲೂ ದಿಲೇರ್ ಖಾನ್ ಸುಮ್ಮನಾಗಲಿಲ್ಲ. ನಗರವನ್ನು ಹಿಡಿಯಲಾರದೆ ನವೆಂಬರಿನಲ್ಲಿ ಪಶ್ಚಿಮಕ್ಕೆ ತಿರುಗಿ ತಿಕೋಟಾವನ್ನು ಸೂರೆ ಮಾಡಿದ. ಸುತ್ತಲಿನ ಉಳ್ಳವರು ರಕ್ಷಣೆಗೆಂದು ಸೇರಿದ್ದ ಊರು ಅದು. ಹೆಂಗಸರು ಮಕ್ಕಳೊಂದಿಗೆ ಬಾವಿಗಳಿಗೆ ಹಾರಿದರು. ಸುಮಾರು 3,000 ಮಂದಿ, ಹಿಂದೂಗಳೂ ಮುಸಲ್ಮಾನರೂ, ಸೆರೆಯಾದರು. ಅಲ್ಲಿಂದ ದಂಡು ಅಥಣಿಯತ್ತ ನಡೆಯಿತು.

ಶಹರ್ ಬಾನುವಿನ ಮದುವೆ 1681ರಲ್ಲಿ ಔರಂಗಜೇಬನ ಮಗ ಆಜಮನೊಂದಿಗೆ ಆಯಿತು. 1685ರಲ್ಲಿ ವಿಜಯಪುರಕ್ಕೆ ಮುತ್ತಿಗೆ ಹಾಕಲು ಬಂದ ಸೈನ್ಯದ ಮುಂದಾಳು ಇದೇ ಅಳಿಯ. 1686ರ ಸೆಪ್ಟೆಂಬರ್ 12ರಂದು ಸಿಕಂದರ್ ಶರಣಾದ.