ಗ್ರಾಮಫೋನ್ ತಟ್ಟೆಯ ಅಂಗಡಿಗಳು

ಇತಿಹಾಸವೆಂದೊಡನೆ ನಮ್ಮ ವಿದ್ಯಾರ್ಥಿಗಳು ಅರಸರನ್ನೂ ಯುದ್ಧಗಳನ್ನೂ ನೆನೆಯುತ್ತಾರೆ. ಆದರೆ ಊರಿನ ಪೇಟೆಬೀದಿಗೂ ಒಂದು ಇತಿಹಾಸವುಂಟು. ಅದನ್ನು ಯಾರೂ ಕಲ್ಲಿನಲ್ಲಿ ಕೆತ್ತಿಸಿಲ್ಲವಾದುದರಿಂದ, ಕಂಡವರು ಇರುವಾಗಲೇ ಬರೆದಿಡುವುದು ಯುಕ್ತ. ಗ್ರಾಮಫೋನ್ ತಟ್ಟೆಗಳನ್ನು ಮಾರುತ್ತಿದ್ದ ಅಂಗಡಿಗಳು ಇಂದು ಬಹುಮಟ್ಟಿಗೆ ಮರೆಯಾಗಿವೆ. ಅವುಗಳೊಡನೆ ನಾವು ಕಳೆದುಕೊಂಡುದೇನು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಧ್ವನಿಯನ್ನು ಹಿಡಿದಿಟ್ಟು ಮರಳಿ ಕೇಳಿಸುವ ಯಂತ್ರವನ್ನು ಅಮೆರಿಕದ ಎಡಿಸನ್ 1877ರಲ್ಲಿ ನಿರ್ಮಿಸಿದನು. ಅವನದು ಉರುಳೆಯ ಯಂತ್ರ. ಹತ್ತು ವರ್ಷಗಳ ತರುವಾಯ ಎಮಿಲ್ ಬರ್ಲಿನರನು ಚಪ್ಪಟೆ ತಟ್ಟೆಯ ಕ್ರಮವನ್ನು ಬಳಕೆಗೆ ತಂದನು. ಒಂದೇ ಅಚ್ಚಿನಿಂದ ಅನೇಕ ತಟ್ಟೆಗಳನ್ನು ಒತ್ತಿ ತೆಗೆಯುವುದು ಇದರಿಂದ ಸಾಧ್ಯವಾಯಿತು. ಹಾಡು ಅಂಗಡಿಯ ಸರಕಾಯಿತು. 1902ರಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬ ಮುದ್ರಣಕಾರನು ಕಲಕತ್ತೆಗೆ ಬಂದು ಗೌಹರ್ ಜಾನರ ಗಾಯನವನ್ನು ಮುದ್ರಿಸಿಕೊಂಡನು. ಆಗ ತಟ್ಟೆಗಳು ಸಿದ್ಧವಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿಯ ಕೆಲಸಗಾರರಿಗೆ ಗುರುತು ತಪ್ಪದಿರಲೆಂದು ಆಕೆ ಹಾಡಿನ ಕೊನೆಯಲ್ಲಿ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ಈ ಗಾಯಕಿ ಕೊನೆಗಾಲದಲ್ಲಿ ಮೈಸೂರು ಆಸ್ಥಾನವನ್ನು ಸೇರಿ, 1930ರಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರೆಂಬುದು ಕನ್ನಡಿಗರು ನೆನೆಯಬೇಕಾದ ಸಂಗತಿ. 1908ರಲ್ಲಿ ಕಲಕತ್ತೆಯ ಸಿಯಾಲ್ದಾದಲ್ಲಿ ತಟ್ಟೆಯ ಕಾರ್ಖಾನೆಯು ಆರಂಭವಾಯಿತು. ತರುವಾಯ 1928ರಲ್ಲಿ ದಮ್‌ದಮಿನ ದೊಡ್ಡ ಕಾರ್ಖಾನೆಯು ತಲೆಯೆತ್ತಿತು.

ಆ ತಟ್ಟೆಯ ಮುಖ್ಯ ದ್ರವ್ಯಗಳಲ್ಲಿ ಒಂದು ನಮ್ಮ ಕಾಡುಗಳ ಅರಗು. ಅದು ನಿಮಿಷಕ್ಕೆ 78 ಸುತ್ತು ತಿರುಗುವುದು. ಹತ್ತು ಅಂಗುಲದ ತಟ್ಟೆಯ ಒಂದು ಮಗ್ಗುಲಿನಲ್ಲಿ ಸುಮಾರು ಮೂರು ನಿಮಿಷದ ಹಾಡು. ರಾತ್ರಿಯಿಡೀ ಹಾಡಬಲ್ಲ ವಿದ್ವಾಂಸರೂ ರಾಗದ ಸಾರವನ್ನು ಆ ಮೂರು ನಿಮಿಷದಲ್ಲಿಯೇ ತೋರಿಸಬೇಕಾಗಿದ್ದಿತು. ಕೈಜಾರಿದರೆ ತಟ್ಟೆ ಒಡೆಯುತ್ತಿತ್ತು. ಯಂತ್ರಕ್ಕೆ ಕೀಲಿ ಕೊಡಬೇಕು; ಉಕ್ಕಿನ ಮುಳ್ಳನ್ನು ಆಗಾಗ ಬದಲಾಯಿಸಬೇಕು. ಇಷ್ಟು ಶ್ರಮಪಟ್ಟು ಕೇಳುವ ಹಾಡನ್ನು ಜನರು ಗಮನವಿಟ್ಟು ಕೇಳುತ್ತಿದ್ದರು.

ಸಣ್ಣ ಊರುಗಳಲ್ಲಿ ತಟ್ಟೆಗಳಿಗೆಂದೇ ಪ್ರತ್ಯೇಕ ಅಂಗಡಿ ಇರುತ್ತಿದ್ದುದು ಅಪೂರ್ವ. ಗಡಿಯಾರ, ರೇಡಿಯೊಗಳನ್ನು ಮಾರುವವರೇ ಒಂದು ಕಪಾಟಿನಲ್ಲಿ ತಟ್ಟೆಗಳನ್ನೂ ಇಡುತ್ತಿದ್ದರು. ನಾವು ಬಾಲ್ಯದಲ್ಲಿ ಕಾಸರಗೋಡು ಸೀಮೆಯಲ್ಲಿ ಕಂಡ ಅಂಗಡಿಯೂ ಅಂತಹುದೇ. ಅಂಗಡಿಯವರ ಮನೆಮಾತು ಮಲೆಯಾಳ. ಆದರೂ ಯಾವ ತಟ್ಟೆಯಲ್ಲಿ ಯಾರು ಹಾಡಿದ್ದಾರೆ, ಅದರ ಹಿಂಬದಿಯ ಹಾಡು ಯಾವುದು, ಯಾವ ಮಾಸ್ತರರು ಯಾವುದನ್ನು ಕೇಳಿಹೋಗಿದ್ದಾರೆ ಎಂಬುದೆಲ್ಲ ಅವರಿಗೆ ಬಾಯಿಪಾಠ. ಕೊಳ್ಳುವ ಮೊದಲು ತಟ್ಟೆಯನ್ನು ಹಾಕಿ ಕೇಳಿಸುವುದು ವಾಡಿಕೆಯಾಗಿದ್ದಿತು. ಕೊಳ್ಳುವ ಶಕ್ತಿಯಿಲ್ಲದ ನಾವು ಜಗಲಿಯ ಅಂಚಿನಲ್ಲಿ ನಿಂತು ಕೇಳುತ್ತಿದ್ದೆವು. ಏಳಿರೆಂದು ಯಾರೂ ಗದರಿಸಲಿಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೂ ಆ ಕಪಾಟಿನಲ್ಲಿ ಕನ್ನಡದ ಸಾಲು ಬರಿದಾಗಿರಲಿಲ್ಲ. ‘ಕನ್ನಡದ ತಟ್ಟೆ ಬಂದಿದೆಯೆ?’ ಎಂದು ಕೇಳುವವರು ಇರುವವರೆಗೆ ಕನ್ನಡದ ತಟ್ಟೆಯೂ ಬರುತ್ತಿದ್ದಿತು. ಪಿ. ಕಾಳಿಂಗರಾಯರ ಕಂಠದಿಂದ ನಮ್ಮ ಕವಿಗಳ ಭಾವಗೀತೆಗಳು ಪುಸ್ತಕ ಕೊಳ್ಳದವರ ಕಿವಿಗೂ ಮುಟ್ಟಿದುದು ಇಂತಹ ಅಂಗಡಿಗಳ ಮೂಲಕವೂ ಹೌದು.

ಹಳೆಯದನ್ನು ಹೊಗಳುವ ಭರದಲ್ಲಿ ಹೊಸದಕ್ಕೆ ಅನ್ಯಾಯ ಮಾಡಲಾಗದು. ತಟ್ಟೆಯೂ ಯಂತ್ರವೂ ಬಡವರ ಕೈಗೆ ಎಟಕುವ ವಸ್ತುಗಳಾಗಿರಲಿಲ್ಲ. ನಮ್ಮ ಸೀಮೆಯ ತಾಳಮದ್ದಳೆಯ ಅರ್ಥಗಾರಿಕೆಯಂತೂ ಮೂರು ನಿಮಿಷದಲ್ಲಿ ಹಿಡಿಸುವಂತಹದಲ್ಲ. 1963ರಲ್ಲಿ ಫಿಲಿಪ್ಸ್ ಸಂಸ್ಥೆಯು ಹೊರತಂದ ಧ್ವನಿಸುರುಳಿಯು ಈ ಕೊರತೆಯನ್ನು ನೀಗಿಸಿತು. ನಿಸಾರ್ ಅಹಮದರ ಕವಿತೆಗಳ ‘ನಿತ್ಯೋತ್ಸವ’ ಸುರುಳಿಯು 1978ರಲ್ಲಿ ಹೊರಬಂದು ಮನೆಮನೆಯನ್ನು ಸೇರಿತು. ಶೇಣಿ ಗೋಪಾಲಕೃಷ್ಣ ಭಟ್ಟರ ಮಾತುಗಾರಿಕೆಯೂ ಸುರುಳಿಗಳಲ್ಲಿ ಉಳಿಯಿತು. ಅರಗಿನ ತಟ್ಟೆ 1970ರ ಸುಮಾರಿಗೇ ನಿಂತುಹೋಗಿದ್ದರೂ, ಅಂಗಡಿಗಳು ಸುರುಳಿಗಳನ್ನು ಮಾರಿ ಬಾಳಿದವು. ಅನಂತರ ಸಿ.ಡಿ. ಬಂದಿತು, ಕೊನೆಗೆ ಹಾಡು ಕೈಯ ಫೋನಿನೊಳಗೇ ಬಂದು ಕುಳಿತಿತು. ಮಹಾನಗರಗಳ ಹೆಸರಾಂತ ಅಂಗಡಿಗಳೂ ತಾಳಲಿಲ್ಲ. ಕಲಕತ್ತೆಯ ಪಾರ್ಕ್ ಸ್ಟ್ರೀಟಿನ ಮ್ಯೂಸಿಕ್ ವರ್ಲ್ಡ್ 2013ರಲ್ಲಿಯೂ, ಮುಂಬಯಿಯ ರಿದಮ್ ಹೌಸ್ 2016ರಲ್ಲಿಯೂ ಮುಚ್ಚಿದವು. ಸಣ್ಣ ಊರಿನ ಕಪಾಟುಗಳು ಖಾಲಿಯಾದುದನ್ನು ಯಾವ ಪತ್ರಿಕೆಯೂ ಬರೆಯಲಿಲ್ಲ.

ಹಾಡು ಉಳಿದಿದೆಯಲ್ಲ, ಅಂಗಡಿ ಹೋದರೇನು ಎಂದು ವಿದ್ಯಾರ್ಥಿಗಳು ಕೇಳಬಹುದು. ಇದಕ್ಕೆ ಒಂದು ಉದಾಹರಣೆಯನ್ನು ಕೊಡುತ್ತೇವೆ. ಗಂಗೂಬಾಯಿ ಹಾನಗಲ್ಲರ ಮೊದಮೊದಲಿನ ತಟ್ಟೆಗಳು 1930ರ ದಶಕದಲ್ಲಿ ಹೊರಟಾಗ ಅವುಗಳ ಮೇಲಿದ್ದ ಹೆಸರು ‘ಗಾಂಧಾರಿ’. ಇದನ್ನು ಬಲ್ಲವನು ಕಪಾಟಿನಿಂದ ತಟ್ಟೆಯನ್ನು ಎತ್ತಿಕೊಡುತ್ತಾನೆ. ಅರಿಯದವನು ಅದನ್ನು ಗುಜರಿಗೆ ಹಾಕುತ್ತಾನೆ. ಬೀಳಗಿಯಲ್ಲಿ ಹುಟ್ಟಿ, 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ದೇಶವೆಲ್ಲ ಹೆಸರಾದ ಅಮೀರ್‌ಬಾಯಿ ಕರ್ನಾಟಕಿ ನಮ್ಮವರೆಂಬುದನ್ನು ತಟ್ಟೆಯ ಮೇಲಿನ ಆ ಕೊನೆಯ ಪದವೇ ಸಾರುತ್ತಿದ್ದಿತು. ಹಾಡಿದವರು ಯಾರು, ಭಾಷೆ ಯಾವುದು, ಸಂಖ್ಯೆ ಎಷ್ಟು ಎಂಬುದನ್ನು ತಟ್ಟೆಯ ಚೀಟಿ ಹೇಳುತ್ತಿದ್ದಿತು. ಚೀಟಿ ಹೇಳದುದನ್ನು ಅಂಗಡಿಯವರು ಹೇಳುತ್ತಿದ್ದರು. ಫೋನಿನಲ್ಲಿ ಹರಿದಾಡುವ ಎಷ್ಟೋ ಹಳೆಯ ಹಾಡುಗಳಿಗೆ ಈಗ ಹೆಸರೂ ಇಲ್ಲ, ವರ್ಷವೂ ಇಲ್ಲ. ನಮ್ಮಂತಹ ಗಡಿನಾಡಿನವರಿಗೆ ಇನ್ನೊಂದು ನಷ್ಟವುಂಟು. ಪೇಟೆಯ ನಡುವೆ ನಿಂತು, ಬೇರೆ ಮನೆಮಾತಿನವರೊಡನೆಯೂ, ಕನ್ನಡವನ್ನು ಹೆಸರು ಹಿಡಿದು ಕೇಳುವ ಒಂದು ಜಾಗ ಕಡಮೆಯಾಯಿತು.

ಮುಚ್ಚಿದ ಅಂಗಡಿಯನ್ನು ತೆರೆಯುವುದು ನಮ್ಮಿಂದಾಗದು. ಆದರೆ ಅಟ್ಟಗಳಲ್ಲಿ, ಹಳೆಯ ಪೆಟ್ಟಿಗೆಗಳಲ್ಲಿ ತಟ್ಟೆಗಳೂ ಸುರುಳಿಗಳೂ ಇನ್ನೂ ಇವೆ. ಉಪಾಧ್ಯಾಯ ಮಿತ್ರರು ಮುಂದಿನ ರಜೆಯಲ್ಲಿ ಮಕ್ಕಳಿಗೆ ಒಂದು ಕೆಲಸವನ್ನು ಕೊಡಲಿ. ಮನೆಯಲ್ಲಿ ತಟ್ಟೆ ದೊರೆತರೆ ಅದರ ಚೀಟಿಯಲ್ಲಿರುವುದನ್ನು ಅಕ್ಷರ ಬಿಡದೆ ಬರೆದುಕೊಳ್ಳಲಿ. ಚೀಟಿಯ ಅಂಚಿನಲ್ಲಿ ಅರಗಿನ ಮೇಲೆಯೇ ಮೂಡಿರುವ ಸಂಖ್ಯೆಯನ್ನೂ ಬಿಡದಿರಲಿ, ಮುದ್ರಣದ ಕ್ರಮವನ್ನು ತಿಳಿಯಲು ಅದೇ ಆಧಾರ. ಅದನ್ನು ಎಲ್ಲಿ ಕೊಂಡರು, ಯಾರು ಕೇಳುತ್ತಿದ್ದರು ಎಂಬುದನ್ನು ಅಜ್ಜ ಅಜ್ಜಿಯರ ಬಾಯಿಂದ ಕೇಳಿ ಬರೆಯಲಿ. ಶಾಸನವನ್ನು ಓದುವ ವಿದ್ಯೆಗೂ ಇದಕ್ಕೂ ಹೆಚ್ಚಿನ ಅಂತರವಿಲ್ಲ. ಹೀಗೆ ಬರೆದ ಒಂದು ಹಾಳೆ ಶಾಲೆಯ ಕಪಾಟಿನಲ್ಲಿ ಉಳಿದರೂ, ಆ ಅಂಗಡಿಯ ಜಗಲಿಯಲ್ಲಿ ನಿಂತು ಬಿಟ್ಟಿಯಾಗಿ ಹಾಡು ಕೇಳಿದ ನಮ್ಮ ಋಣದಲ್ಲಿ ಸ್ವಲ್ಪ ಸಂದಂತಾದೀತು.