ಬೆಡ್‌ಫೋರ್ಡ್ ಊರಿನ ಹುಡುಗರು



ಅಮೆರಿಕದ ವರ್ಜೀನಿಯ ರಾಜ್ಯದಲ್ಲಿ ಬೆಡ್‌ಫೋರ್ಡ್ ಎಂಬ ಪುಟ್ಟ ಊರಿದೆ. ಅಲ್ಲಿನ ಗುಡ್ಡದ ಮೇಲೆ 44 ಅಡಿ 6 ಅಂಗುಲ ಎತ್ತರದ ಕಮಾನೊಂದು ನಿಂತಿದೆ. 1944ರ ಜೂನ್ 6ನ್ನು ನೆನಪಿಸುವ ಅಳತೆ ಅದು. ಮಿತ್ರ ಸೈನ್ಯಗಳು ಫ್ರಾನ್ಸಿನ ನಾರ್ಮಂಡಿ ಕಡಲತೀರಕ್ಕೆ ಇಳಿದ 'ಡಿ-ಡೇ' ದಿನ. ದೇಶದ ಸ್ಮಾರಕವೆಂದರೆ ರಾಜಧಾನಿಯಲ್ಲಿ ಇರಬೇಕಲ್ಲವೇ? ಈ ಊರಲ್ಲೇ ಏಕೆ?

ಆಗ ಬೆಡ್‌ಫೋರ್ಡಿನ ಜನಸಂಖ್ಯೆ ಸುಮಾರು 3,200. ಆರ್ಥಿಕ ಮುಗ್ಗಟ್ಟಿನ ಕಾಲ. ಒಂದು ಕವಾಯತಿಗೆ ಒಂದು ಡಾಲರ್ ಸಿಗುತ್ತದೆಂದು ಅನೇಕ ಹುಡುಗರು 'ನ್ಯಾಷನಲ್ ಗಾರ್ಡ್' ಸೇರಿದ್ದರು. ಯುದ್ಧಕ್ಕೆ ಹೋಗುತ್ತೇವೆಂದು ಸೇರಿದವರು ಕಡಿಮೆ. 1941ರ ಫೆಬ್ರವರಿಯಲ್ಲಿ ಅವರನ್ನು ಪೂರ್ಣಾವಧಿ ಸೇವೆಗೆ ಕರೆದರು. ಆ ಬೆಳಿಗ್ಗೆ ಒಮಾಹಾ ತೀರಕ್ಕೆ ಮೊದಲ ಅಲೆಯಲ್ಲಿ ಹೋದದ್ದು ಅವರ 'ಎ' ಕಂಪನಿ. ಕೆಲವೇ ನಿಮಿಷಗಳಲ್ಲಿ ಆ ಕಂಪನಿಯೇ ಬಹುಪಾಲು ನೆಲಕ್ಕುರುಳಿತು. ಅದರಲ್ಲಿದ್ದ ಬೆಡ್‌ಫೋರ್ಡಿನ 19 ಮಂದಿ ಅದೇ ದಿನ ತೀರಿಹೋದರು. ಜನಸಂಖ್ಯೆಗೆ ಹೋಲಿಸಿದರೆ ಅಂದು ಅಮೆರಿಕದ ಬೇರಾವ ಊರೂ ಇಷ್ಟು ಮಕ್ಕಳನ್ನು ಕಳೆದುಕೊಳ್ಳಲಿಲ್ಲ ಎನ್ನುತ್ತಾರೆ.

ಊರಿಗೆ ಇದು ಗೊತ್ತಾಗಲು ಐದಾರು ವಾರ ಹಿಡಿಯಿತು. ಜುಲೈ ಮಧ್ಯದಲ್ಲಿ ಗ್ರೀನ್ಸ್ ಔಷಧಿ ಅಂಗಡಿಯಲ್ಲಿದ್ದ ತಂತಿ ಯಂತ್ರ ಒಂದರ ಹಿಂದೊಂದು ಸಾವಿನ ಸುದ್ದಿ ಕೊಡತೊಡಗಿತು. ಅದನ್ನು ನೋಡಿಕೊಳ್ಳುತ್ತಿದ್ದ ಎಲಿಜಬೆತ್ ಟೀಸ್ ಇನ್ನೂ ಇಪ್ಪತ್ತರ ಆಸುಪಾಸಿನ ಹುಡುಗಿ. ಒಂದೊಂದು ಮನೆಯೂ ಆಕೆಗೆ ಪರಿಚಯದ್ದೇ. ಅಂಗಡಿಗೆ ಬಂದವರನ್ನೇ ಕೇಳಿಕೊಂಡು ತಂತಿಗಳನ್ನು ಮನೆಗಳಿಗೆ ತಲುಪಿಸಬೇಕಾಯಿತು. ಇಷ್ಟು ಚಿಕ್ಕ ಊರಿನಲ್ಲಿ ಪರರ ಮನೆಯ ದುಃಖ ಎಂಬುದು ಇರುವುದಿಲ್ಲ.

ಹೋಬ್ಯಾಕ್ ಕುಟುಂಬಕ್ಕೆ ಎರಡು ತಂತಿ ಬಂದವು. ಮೊದಲನೆಯದರಲ್ಲಿ ಮಗ ಬೆಡ್‌ಫೋರ್ಡ್ (ಊರಿನ ಹೆಸರೇ ಅವನದೂ) ಸತ್ತನೆಂದು ಇತ್ತು. ಮರುದಿನದ್ದರಲ್ಲಿ ತಮ್ಮ ರೇಮಂಡ್ ಕಾಣೆಯಾಗಿದ್ದಾನೆಂದು. ಆಮೇಲೆ ಅಂಚೆಯಲ್ಲಿ ಒಂದು ಪೊಟ್ಟಣ ಬಂತು. ಒಳಗೆ ರೇಮಂಡನ ಬೈಬಲ್! 1938ರ ಕ್ರಿಸ್ಮಸ್‌ಗೆ ತಾಯಿ ಕೊಟ್ಟದ್ದು. ದಾಳಿಯ ಮರುದಿನ ತೀರದಲ್ಲಿ ನಡೆಯುತ್ತಿದ್ದ ವೆಸ್ಟ್ ವರ್ಜೀನಿಯದ ಸೈನಿಕನೊಬ್ಬ ಅದನ್ನು ಮರಳಿನಿಂದ ಎತ್ತಿಕೊಂಡು, ಒಳಗಿದ್ದ ವಿಳಾಸ ನೋಡಿ ಕಳುಹಿಸಿದ್ದ. ಜೊತೆಗಿದ್ದ ಕಾಗದದಲ್ಲಿ, ನಿಮ್ಮ ಮಗ ಕ್ಷೇಮವಾಗಿ ಇರಬಹುದೆಂದು ಆಶಿಸುತ್ತೇನೆ ಎಂಬ ಅರ್ಥದ ಮಾತು ಬರೆದಿದ್ದ. ಪಾಪ, ಅವನಿಗೇನು ಗೊತ್ತು! ರೇಮಂಡನ ದೇಹ ಸಿಗಲೇ ಇಲ್ಲ. ಮಗನ ಬದಲು ಮನೆಗೆ ಬಂದದ್ದು ಆ ಪುಸ್ತಕ.

ಸ್ಮಾರಕಕ್ಕೆ ಮಾತ್ರ ಅರ್ಧ ಶತಮಾನ ಕಾಯಬೇಕಾಯಿತು. ಅದೇ ತೀರದಲ್ಲಿ ಹೋರಾಡಿ ಬದುಕಿ ಬಂದ ಬಾಬ್ ಸ್ಲಾಟರ್ ಎಂಬವರು ಇಳಿವಯಸ್ಸಿನಲ್ಲಿ ಪಟ್ಟು ಹಿಡಿದರು. 2001ರ ಜೂನ್ 6ರಂದು ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್ ಅದನ್ನು ಸಮರ್ಪಿಸಿದರು. ಮರುವರ್ಷವೇ ಅದನ್ನು ಕಟ್ಟಿದ ಪ್ರತಿಷ್ಠಾನ ಸಾಲದಿಂದ ದಿವಾಳಿ ಅರ್ಜಿ ಹಾಕಿತು. ಗೌರವ ಸಲ್ಲಿಸುವಾಗಲೂ ಲೆಕ್ಕಪತ್ರ ತಪ್ಪಿದ್ದಲ್ಲ! ಸ್ಮಾರಕ ಉಳಿದುಕೊಂಡಿತು. ಅಲ್ಲಿನ ಕೊಳದ ನೀರು ಗುಂಡು ಬಿದ್ದಂತೆ ಆಗಾಗ ಚಿಮ್ಮುತ್ತದೆ. ಸುತ್ತಲಿನ ಫಲಕಗಳಲ್ಲಿ ಆ ದಿನ ಸತ್ತ ಮಿತ್ರ ಸೈನಿಕರ 4,400ಕ್ಕೂ ಹೆಚ್ಚು ಹೆಸರುಗಳಿವೆ.

ಯುದ್ಧ ಮುಗಿದ ಮೇಲೆ ಮಕ್ಕಳ ದೇಹವನ್ನು ಊರಿಗೆ ತರಿಸಿಕೊಳ್ಳುವ ಅವಕಾಶ ಹೆತ್ತವರಿಗಿತ್ತು. ಹೋಬ್ಯಾಕ್ ದಂಪತಿ ಬೇಡವೆಂದರು. ಅಣ್ಣತಮ್ಮ ಜೊತೆಯಲ್ಲೇ ಇರಲಿ ಎಂದು. ನಾರ್ಮಂಡಿಯ ಕೊಲೆವಿಲ್ ಸಮಾಧಿಭೂಮಿಯಲ್ಲಿ ಅಣ್ಣನ ಸಮಾಧಿ ಇದೆ. ಕಾಣೆಯಾದವರ ಗೋಡೆಯ ಮೇಲೆ ತಮ್ಮನ ಹೆಸರಿದೆ.