ಬ್ಲಡ್ ಗ್ರೂಪ್ ನೋಡಿ ಊಟ ಮಾಡಬೇಕಾ? ಆಯುರ್ವೇದ ಹೇಳೋದು ಬೇರೇನೇ

'ಓ ಗ್ರೂಪಿನವರು ಮಾಂಸ ತಿನ್ನಬೇಕು, ಎ ಗ್ರೂಪಿನವರು ಸಸ್ಯಾಹಾರಿ ಆಗಿರಬೇಕು, ಬಿ ಗ್ರೂಪಿನವರು ಶೇಂಗಾ ಮುಟ್ಟಬಾರದು' ಎನ್ನುವ ಪಟ್ಟಿಗಳು ಮೊಬೈಲ್‌ಗಳಲ್ಲಿ ಹರಿದಾಡುತ್ತವೆ. ಕೆಲವಕ್ಕೆ 'ಆಯುರ್ವೇದದ ಪ್ರಕಾರ' ಅಂತ ತಲೆಬರಹವನ್ನೂ ಹಚ್ಚಿರುತ್ತಾರೆ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆ ರೊಟ್ಟಿ ಜೋಡಿ ಶೇಂಗಾ ಚಟ್ನಿ ಇರೋದೇ ರೂಢಿ. ಭಾರತದಲ್ಲಿ ಓ ಮತ್ತು ಬಿ ಗ್ರೂಪಿನವರೇ ಹೆಚ್ಚು. ಹಾಗಾದರೆ ಈ ಪಟ್ಟಿ ನಂಬಿ ಎಷ್ಟು ಮನೆಗಳಲ್ಲಿ ಊಟ ಬದಲಾಗಬೇಕು?

ನೇರವಾಗಿ ಹೇಳಬೇಕಂದರೆ, ಬ್ಲಡ್ ಗ್ರೂಪ್ ನೋಡಿ ಊಟ ಬದಲಿಸಬೇಕಾಗಿಲ್ಲ. ಆಯುರ್ವೇದದ ಮೂಲ ಗ್ರಂಥಗಳಲ್ಲಿ ಈ ಮಾತೇ ಇಲ್ಲ. ಆಧುನಿಕ ಸಂಶೋಧನೆಯಲ್ಲೂ ಇದಕ್ಕೆ ಆಧಾರ ಸಿಕ್ಕಿಲ್ಲ.

ಪಟ್ಟಿ ಬಂದದ್ದು ಎಲ್ಲಿಂದ?

ಎ, ಬಿ, ಓ ಗುಂಪುಗಳನ್ನು ಮೊದಲು ಗುರುತಿಸಿದವರು ವಿಯೆನ್ನಾದ ವಿಜ್ಞಾನಿ ಕಾರ್ಲ್ ಲ್ಯಾಂಡ್‌ಸ್ಟೈನರ್. 1901ರಲ್ಲಿ ಅದು ಪ್ರಕಟವಾಯಿತು, 1930ರಲ್ಲಿ ಅವರಿಗೆ ನೊಬೆಲ್ ಬಂತು. ಚರಕ, ಸುಶ್ರುತ ಸಂಹಿತೆಗಳು ಅದಕ್ಕಿಂತ ಸಾವಿರಾರು ವರ್ಷ ಹಿಂದಿನವು. ಅವುಗಳಲ್ಲಿ 'ಓ ಪಾಸಿಟಿವ್' ಇರಲು ಸಾಧ್ಯವೇ ಇಲ್ಲ.

ಗುಂಪಿಗೊಂದು ಊಟ ಎನ್ನುವುದನ್ನು ಜನಪ್ರಿಯ ಮಾಡಿದ್ದು ಅಮೆರಿಕದ ಪೀಟರ್ ಡಿ'ಅಡಾಮೊ 1996ರಲ್ಲಿ ಬರೆದ ಪುಸ್ತಕ. ಬಿ ಗ್ರೂಪಿನವರು ಶೇಂಗಾ, ಎಳ್ಳು, ಗೋಧಿ, ಗೋವಿನಜೋಳ ಬಿಡಬೇಕು ಅನ್ನೋದು ಅಲ್ಲಿನ ಮಾತು. 2013ರಲ್ಲಿ ಸಂಶೋಧಕರು ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಜಾಲಾಡಿದರೂ ಇದಕ್ಕೆ ಪುರಾವೆ ಸಿಗಲಿಲ್ಲ. 2014ರಲ್ಲಿ ಕೆನಡಾದ ಟೊರೊಂಟೊ ವಿಶ್ವವಿದ್ಯಾಲಯದವರು 1,455 ಜನರ ಮಾಹಿತಿ ಪರಿಶೀಲಿಸಿದರು. 'ಎ ಗ್ರೂಪಿನ ಊಟ'ದ ಹತ್ತಿರದ ಆಹಾರ, ಅಂದರೆ ಕಾಯಿಪಲ್ಲೆ, ಕಾಳು ಹೆಚ್ಚು ತಿಂದವರಲ್ಲಿ ತೂಕ, ಬಿಪಿ ಕಡಿಮೆ ಇತ್ತು. ಆದರೆ ಅವರ ಬ್ಲಡ್ ಗ್ರೂಪ್ ಯಾವುದಾದರೂ ಫಲ ಒಂದೇ ಆಗಿತ್ತು. ಒಳ್ಳೆ ಊಟ ಎಲ್ಲ ಗ್ರೂಪಿಗೂ ಒಳ್ಳೇದೇ.

ಆಯುರ್ವೇದದಲ್ಲಿ ರಕ್ತ ಅಂದರೆ

ಆಯುರ್ವೇದ ರಕ್ತಕ್ಕೆ ದೊಡ್ಡ ಸ್ಥಾನ ಕೊಟ್ಟಿದೆ. ರಸ, ರಕ್ತ, ಮಾಂಸ, ಮೇದ, ಅಸ್ಥಿ, ಮಜ್ಜೆ, ಶುಕ್ರ ಎಂಬ ಏಳು ಧಾತುಗಳಲ್ಲಿ ರಕ್ತ ಎರಡನೆಯದು. ಅಲ್ಲಿ ಕೇಳುವ ಪ್ರಶ್ನೆ 'ರಕ್ತ ಯಾವ ಗುಂಪಿನದು' ಅಂತಲ್ಲ, 'ರಕ್ತ ಕೆಟ್ಟಿದೆಯೋ ಇಲ್ಲವೋ' ಅಂತ.

ಚರಕ ಸಂಹಿತೆಯ ಸೂತ್ರಸ್ಥಾನದ 24ನೇ ಅಧ್ಯಾಯ ಇದಕ್ಕೇ ಮೀಸಲು. ಅತಿ ಉಪ್ಪು, ಅತಿ ಹುಳಿ, ಅತಿ ಖಾರ, ಹಳಸಿದ್ದು, ಒಂದಕ್ಕೊಂದು ಹೊಂದದ ಆಹಾರ, ಉಂಡ ಮೇಲೆ ಹಗಲು ನಿದ್ದೆ, ಅತಿ ಬಿಸಿಲು, ಅತಿ ಸಿಟ್ಟು ರಕ್ತ ಕೆಡಿಸುತ್ತವೆ ಎನ್ನುತ್ತದೆ ಅದು. ಶರದ್ ಋತುವಿನಲ್ಲಿ, ಅಂದರೆ ದಸರಾ-ದೀಪಾವಳಿ ಸುಮಾರಿಗೆ, ರಕ್ತ ಸಹಜವಾಗಿಯೇ ಕೆಡುತ್ತದೆ ಎಂದೂ ಹೇಳುತ್ತದೆ. ಈ ಮಾತು ಎಲ್ಲ ಗ್ರೂಪಿನವರಿಗೂ ಒಂದೇ.

ವಾತ, ಪಿತ್ತ, ಕಫ ಎಂಬ ಪ್ರಕೃತಿಗೂ ಬ್ಲಡ್ ಗ್ರೂಪಿಗೂ ಗಂಟು ಹಾಕುವವರಿದ್ದಾರೆ. ಓ ಅಂದರೆ ಪಿತ್ತ, ಎ ಅಂದರೆ ವಾತ ಎನ್ನುವ ಹೊಂದಾಣಿಕೆ ಯಾವ ಮೂಲ ಗ್ರಂಥದಲ್ಲೂ ಇಲ್ಲ. ಬ್ಲಡ್ ಗ್ರೂಪ್ ಗೊತ್ತಾಗೋದು ಲ್ಯಾಬಿನಲ್ಲಿ. ಪ್ರಕೃತಿಯನ್ನು ವೈದ್ಯರು ಮೈಕಟ್ಟು, ಚರ್ಮ, ಹಸಿವು, ನಿದ್ದೆ, ಸ್ವಭಾವ ನೋಡಿ ತಿಳಿಯುತ್ತಾರೆ.

ಊಟ ಗೊತ್ತು ಮಾಡೋದು ಯಾವುದು?

ರೋಗಿಯನ್ನು ಹತ್ತು ರೀತಿ ನೋಡಬೇಕು ಎನ್ನುತ್ತಾನೆ ಚರಕ: ಪ್ರಕೃತಿ, ಈಗಿನ ತೊಂದರೆ, ಧಾತುಗಳ ಬಲ, ಮೈಕಟ್ಟು, ದೇಹದ ಅಳತೆ, ಮೈಗೆ ಒಗ್ಗಿದ ಆಹಾರ, ಮನೋಬಲ, ಉಂಡು ಅರಗಿಸುವ ಶಕ್ತಿ, ದುಡಿಯುವ ಶಕ್ತಿ, ವಯಸ್ಸು.

ಇದನ್ನು ನಮ್ಮೂರಿನ ಲೆಕ್ಕದಲ್ಲಿ ನೋಡೋಣ. ಗದಗದಲ್ಲಿ ಮುಂಜಾನೆಯಿಂದ ರಾತ್ರಿವರೆಗೆ ಗಲ್ಲಾ ಮುಂದೆ ಕೂಡುವ ಅಂಗಡಿಕಾರ, ಬೆಟಗೇರಿಯಲ್ಲಿ ಮಗ್ಗದ ಮುಂದೆ ಕೂಡುವ ನೇಕಾರ, ಮುಂಡರಗಿ ಎರೆಹೊಲದಲ್ಲಿ ಬಿಸಿಲಿಗೆ ದುಡಿಯುವ ಕೂಲಿಕಾರ ಮೂವರದ್ದೂ ಓ ಪಾಸಿಟಿವ್ ಅಂತಿಟ್ಟುಕೊಳ್ಳಿ. ಮೂವರಿಗೂ ಒಂದೇ ಊಟ ಹೊಂದುತ್ತದೆಯೇ? ಹೊಲದಲ್ಲಿ ದುಡಿಯುವವರಿಗೆ ಅರಗುವ ನಾಲ್ಕು ರೊಟ್ಟಿ ಕೂತು ಕೆಲಸ ಮಾಡುವವರಿಗೆ ಭಾರ ಆಗಬಹುದು. ಮಧ್ಯಾಹ್ನ ಮೂರಕ್ಕೆ ಊಟ, ಅಲ್ಲಿವರೆಗೆ ಚಹಾದ ಮೇಲೆ ಚಹಾ, ಸಂಜೆ ಗಿರ್ಮಿಟ್-ಮಿರ್ಚಿ: ಹೀಗಿರುವ ಅಂಗಡಿಕಾರರಿಗೆ ಎದೆ ಉರಿ ಬಂದರೆ ಅದಕ್ಕೆ ಬ್ಲಡ್ ಗ್ರೂಪ್ ಕಾರಣ ಅಲ್ಲ.

ಜೋಳ ಒಣ ಗುಣದ್ದು ಎನ್ನುತ್ತದೆ ಆಯುರ್ವೇದ. ರೊಟ್ಟಿಗೆ ಬೆಣ್ಣೆ, ಎಣ್ಣೆಗಾಯಿ, ಶೇಂಗಾ ಇಲ್ಲವೇ ಅಗಸಿ ಚಟ್ನಿ, ಮೊಸರು ಹಚ್ಚಿಕೊಂಡು ಉಣ್ಣುವ ನಮ್ಮ ರೂಢಿ ಆ ಒಣಗುಣಕ್ಕೆ ಸರಿಯಾದ ಜೋಡಿ. ಕಾಳಿನ ಪಲ್ಲೆ, ಹಸಿ ಸೊಪ್ಪು ಸೇರಿದರೆ ಆಧುನಿಕ ಲೆಕ್ಕದಲ್ಲೂ ಅದು ಒಳ್ಳೆ ಊಟ. ಶೇಂಗಾ ತಿಂದರೆ ಅಲರ್ಜಿ ಆಗುವವರು ಮಾತ್ರ ಬಿಡಬೇಕು, ಗ್ರೂಪ್ ಯಾವುದೇ ಇರಲಿ.

ಬ್ಲಡ್ ಗ್ರೂಪ್ ನಿಜವಾಗಿ ಬೇಕಾಗೋದು ಎಲ್ಲಿ?

ರಕ್ತ ಕೊಡುವಾಗ, ತಗೊಳ್ಳುವಾಗ ಇದು ಜೀವದ ಪ್ರಶ್ನೆ. ತಪ್ಪು ಗುಂಪಿನ ರಕ್ತ ಏರಿಸಿದರೆ ಜೀವವೇ ಹೋಗಬಹುದು.

ಬಸುರಿಯ ಗ್ರೂಪ್ ನೆಗೆಟಿವ್, ಗಂಡನದು ಪಾಸಿಟಿವ್ ಇದ್ದರೆ ಮೊದಲ ತಪಾಸಣೆಯಲ್ಲೇ ವೈದ್ಯರಿಗೆ ತಿಳಿಸಿ. ಮಗು ಪಾಸಿಟಿವ್ ಆಗಿದ್ದರೆ ಹೆರಿಗೆಯಾದ 72 ಗಂಟೆಯೊಳಗೆ ತಾಯಿಗೆ 'ಆ್ಯಂಟಿ-ಡಿ' ಇಂಜೆಕ್ಷನ್ ಬೇಕು. ಗರ್ಭಪಾತವಾದರೂ ವೈದ್ಯರನ್ನು ಕೇಳಿ. ಇದನ್ನು ತಪ್ಪಿಸಿದರೆ ಮುಂದಿನ ಮಗುವಿಗೆ ಅಪಾಯ.

'ಬಾಂಬೆ ಗ್ರೂಪ್' ಎಂಬ ಅಪರೂಪದ ಗುಂಪೂ ಇದೆ. 1952ರಲ್ಲಿ ಡಾ. ವೈ.ಎಂ. ಭೇಂಡೆ ಮುಂಬೈನಲ್ಲಿ ಅದನ್ನು ಗುರುತಿಸಿದರು. ಸಾಮಾನ್ಯ ಪರೀಕ್ಷೆಯಲ್ಲಿ ಇದು ಓ ಎಂದೇ ಕಾಣಬಹುದು. ಆದರೆ ಇವರಿಗೆ ಇದೇ ಗುಂಪಿನ ರಕ್ತವೇ ಬೇಕು. ಹೀಗಾಗಿ ರಕ್ತ ಏರಿಸುವ ಮೊದಲು ಕ್ರಾಸ್ ಮ್ಯಾಚ್ ಮಾಡಲೇಬೇಕು.

ಗ್ರೂಪಿಗೂ ರೋಗಕ್ಕೂ ಏನೂ ನಂಟಿಲ್ಲವೇ?

ಸ್ವಲ್ಪ ಇದೆ. ಓ ಅಲ್ಲದ ಗುಂಪಿನವರಲ್ಲಿ ರಕ್ತನಾಳದೊಳಗೆ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ತುಸು ಹೆಚ್ಚು. ಓ ಗ್ರೂಪಿನವರಲ್ಲಿ ಹೊಟ್ಟೆಹುಣ್ಣು ತುಸು ಹೆಚ್ಚು. ಎ ಗ್ರೂಪಿನವರಲ್ಲಿ ಜಠರದ ಕ್ಯಾನ್ಸರ್ ತುಸು ಹೆಚ್ಚು. ಇವು ಸಾವಿರಾರು ಜನರ ಲೆಕ್ಕದಲ್ಲಿ ಕಾಣುವ ಸಣ್ಣ ವ್ಯತ್ಯಾಸಗಳು. ತಂಬಾಕು, ಬೊಜ್ಜು, ಬಿಪಿ, ಶುಗರ್ ಮಾಡುವ ಹಾನಿಯ ಮುಂದೆ ಇವು ಸಣ್ಣವು. ಗ್ರೂಪ್ ಬದಲಿಸಲು ಆಗೋದಿಲ್ಲ, ಗುಟ್ಕಾ ಬಿಡಲು ಆಗುತ್ತದೆ.

ಗ್ರೂಪಿಗಿಂತ ಮೊದಲು ನೋಡಬೇಕಾದ್ದು

ರಕ್ತದ ಬಗ್ಗೆ ಕಾಳಜಿ ಇದ್ದರೆ ಮೊದಲು ಹಿಮೋಗ್ಲೋಬಿನ್ ನೋಡಿಸಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ-5ರ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ರಕ್ತಹೀನತೆ ಇದೆ. ಹೆಂಗಸರಲ್ಲಿ 12, ಬಸುರಿಯರಲ್ಲಿ 11, ಗಂಡಸರಲ್ಲಿ 13 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ ಎಂದರ್ಥ. ಸೊಪ್ಪಿನ ಪಲ್ಲೆ, ಕಾಳು ತಿನ್ನುವಾಗ ಮೇಲೆ ನಿಂಬೆಹಣ್ಣು ಹಿಂಡಿಕೊಳ್ಳಿ, ಕಬ್ಬಿಣಾಂಶ ಮೈಗೆ ಹತ್ತುತ್ತದೆ. ಊಟದ ಜೋಡಿ ಚಹಾ ಬೇಡ, ಅದು ಕಬ್ಬಿಣಾಂಶ ತಡೆಯುತ್ತದೆ. ರಕ್ತ ತೀರಾ ಕಡಿಮೆ ಇದ್ದರೆ ಊಟವೊಂದೇ ಸಾಲದು, ಮಾತ್ರೆ ಬೇಕು.

ಇಷ್ಟು ನೆನಪಿಡಿ

- ಬ್ಲಡ್ ಗ್ರೂಪ್ ಡಯಟ್ ಪಟ್ಟಿಗೆ, ಅದರ ಹೆಸರಿನ ಪುಡಿಗೆ ರೊಕ್ಕ ಹಾಕಬೇಡಿ.
- ಪಟ್ಟಿ ನಂಬಿ ಶುಗರ್, ಬಿಪಿ ಮಾತ್ರೆ ನಿಲ್ಲಿಸಬೇಡಿ. ಕಿಡ್ನಿ ತೊಂದರೆ ಇದ್ದವರು 'ಓ ಗ್ರೂಪ್' ಅಂತ ಮಾಂಸ ಹೆಚ್ಚಿಸಿದರೆ ತೊಂದರೆಯೂ ಹೆಚ್ಚುತ್ತದೆ.
- 'ರಕ್ತಶುದ್ಧಿ' ಔಷಧ ಬೇಕೆನಿಸಿದರೆ ನೋಂದಾಯಿತ ಆಯುರ್ವೇದ ವೈದ್ಯರಿಗೆ ನಾಡಿ, ನಾಲಿಗೆ, ಹಳೆ ರಿಪೋರ್ಟ್ ತೋರಿಸಿಯೇ ತಗೊಳ್ಳಿ. ಕಪ್ಪತಗುಡ್ಡದ ಬೇರು ಎಂದು ಯಾರೋ ಕೊಟ್ಟದ್ದನ್ನು ಕುದಿಸಿ ಕುಡಿಯಬೇಡಿ.
- ಮನೆಯವರೆಲ್ಲರ ಗ್ರೂಪ್ ಬರೆದಿಡಿ. 18ರಿಂದ 65 ವರ್ಷದೊಳಗಿದ್ದು, ತೂಕ 45 ಕಿಲೋ, ಹಿಮೋಗ್ಲೋಬಿನ್ 12.5 ಗ್ರಾಂ ಇಲ್ಲವೇ ಹೆಚ್ಚಿರುವ ಆರೋಗ್ಯವಂತರು ರಕ್ತ ಕೊಡಬಹುದು. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ.